ಮದ್ದಿಗೂ ವಿವೇಕ ಬೇಕು

ಕಲಾವಿಭಾಗದ ಕಾಲೇಜೊಂದರ ವಾರ್ಷಿಕ ಸಂಚಿಕೆಯಲ್ಲಿ ಕೀಟನಾಶಕಗಳ ಮಾತೇಕೆ ಎಂದು ವಾಚಕರಲ್ಲಿ ಕೆಲವರಾದರೂ ಕೇಳಬಹುದು. ಕಾವ್ಯ, ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ನಮಗೆ ಹುಳಹುಪ್ಪಟೆಗಳ ಗೊಡವೆ ಏಕೆ, ಅದನ್ನು ರಸಾಯನ ವಿಜ್ಞಾನಿಗಳಿಗೂ ಕೃಷಿ ಇಲಾಖೆಗೂ ಬಿಟ್ಟರಾಗದೆ ಎಂಬ ಪ್ರಶ್ನೆ ಸಹಜವಾದುದೇ. ಆದರೆ ಹಾಗೆ ಬಿಟ್ಟುಕೊಟ್ಟುದರ ಫಲವೇನಾಯಿತೆಂಬುದನ್ನು ತಿಳಿಯಲು ನಾವು ಬಹಳ ದೂರ ಹೋಗಬೇಕಾಗಿಲ್ಲ. ಮಂಗಳೂರಿನಿಂದ ತೆಂಕಣಕ್ಕೆ ಹೋದರೆ ಕಾಸರಗೋಡು ಸೀಮೆಯ ಪಡ್ರೆ. ಮೂಡಣಕ್ಕೆ ಹೋದರೆ ಬೆಳ್ತಂಗಡಿ ತಾಲೂಕಿನ ಕೊಕ್ಕಡ. ಎರಡು ಕಡೆಗಳಲ್ಲಿಯೂ ಉತ್ತರ ದೊರೆಯುತ್ತದೆ. ಯಾವ ವಿಷವನ್ನು, ಯಾರ ನೆತ್ತಿಯ ಮೇಲೆ, ಯಾರ ಅಪ್ಪಣೆಯಿಂದ ಸುರಿಯಬಹುದು ಎಂಬುದು ರಸಾಯನಶಾಸ್ತ್ರದ ಪ್ರಶ್ನೆ ಮಾತ್ರವಲ್ಲ; ನ್ಯಾಯದ, ಹಣದ, ಆಡಳಿತದ ಪ್ರಶ್ನೆಯೂ ಹೌದು. ಆದುದರಿಂದ ಅದು ನಮ್ಮ ವಿಷಯವೂ ಆಗಿದೆ.

ನಮ್ಮ ಕಡೆಯ ಮಾತಿನಲ್ಲಿ ರೋಗಿಗೆ ಕೊಡುವುದೂ ಮದ್ದು, ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು ಸುಣ್ಣಗಳನ್ನು ಕಲಸಿ ಬಿಡುವುದೂ ಮದ್ದು, ಹುಳಕ್ಕೆ ಹೊಡೆಯುವುದೂ ಮದ್ದು. ಹಗೆಯಿಂದ ಊಟದಲ್ಲಿ ಬೆರೆಸಿ ಕೊಡುವರೆಂದು ಹಳ್ಳಿಯ ಜನ ಹೆದರುವ ಕೈಮದ್ದೂ ಮದ್ದೇ. ಭಾಷೆ ಈ ನಾಲ್ಕನ್ನೂ ಒಂದೇ ಹೆಸರಿನಿಂದ ಕರೆದುದು ಅಜ್ಞಾನದಿಂದಲ್ಲ. ಒಂದು ವಸ್ತು ಗುಣವನ್ನು ಮಾಡುತ್ತದೆಯೋ ಕೇಡನ್ನು ಮಾಡುತ್ತದೆಯೋ ಎಂಬುದು ಅದು ಯಾರ ಮೈಯೊಳಗೆ, ಎಷ್ಟರ ಮಟ್ಟಿಗೆ, ಯಾವ ಬಾಗಿಲಿನಿಂದ ಹೋಗುತ್ತದೆ ಎಂಬುದನ್ನು ಹೊಂದಿಕೊಂಡಿದೆ. ಹೊಸ ಕೀಟನಾಶಕಗಳ ವಿಚಾರವೆಲ್ಲ ಈ ಒಂದು ಮಾತಿನ ವಿಸ್ತರಣೆಯೆಂದರೂ ಸಲ್ಲುತ್ತದೆ.

ಮೊದಲು ನಡೆದುದನ್ನು ನೆನೆಯೋಣ. ಗೇರುಮರ ಚಿಗುರಿ ಹೂಬಿಡುವ ಕಾಲದಲ್ಲಿ ಅದಕ್ಕೆ ಟೀ ಸೊಳ್ಳೆಯೆಂಬ ಕೀಟದ ಕಾಟ. ಹೆಸರಿಗೆ ಸೊಳ್ಳೆಯಾದರೂ ಅದು ತಿಗಣೆಯ ಬಳಗಕ್ಕೆ ಸೇರಿದ್ದು; ಎಳೆಯ ಚಿಗುರು, ಹೂಗೊಂಚಲುಗಳ ರಸವನ್ನು ಹೀರುತ್ತದೆ. ಅದು ಚುಚ್ಚಿದೆಡೆ ಕಪ್ಪಾಗಿ, ಗೊಂಚಲು ಸುಟ್ಟಂತೆ ಒಣಗಿ, ಬೆಳೆ ಕೈತಪ್ಪುತ್ತದೆ. ಕಾಸರಗೋಡು ಜಿಲ್ಲೆಯಲ್ಲಿ ಕೇರಳದ ತೋಟಗಾರಿಕಾ ನಿಗಮಕ್ಕೆ ನಾಲ್ಕು ಸಾವಿರಕ್ಕೂ ಹೆಚ್ಚು ಹೆಕ್ಟೇರುಗಳ ಗೇರುತೋಟವಿತ್ತು. ೧೯೭೦ರ ದಶಕದ ಕೊನೆಯ ಭಾಗದಿಂದ ೨೦೦೦ದವರೆಗೆ ಈ ತೋಟಗಳ ಮೇಲೆ ವರ್ಷವರ್ಷವೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನನ್ನು ಸಿಂಪಡಿಸಲಾಯಿತು. ಕರ್ನಾಟಕದ ಗೇರು ಅಭಿವೃದ್ಧಿ ನಿಗಮವೂ ನಮ್ಮ ಜಿಲ್ಲೆಯ ತನ್ನ ತೋಟಗಳಲ್ಲಿ ಇದೇ ಕ್ರಮವನ್ನು ಅನುಸರಿಸಿತು. ನಮ್ಮ ನೆಲದ ರಚನೆಯನ್ನು ಬಲ್ಲವರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ಗೇರು ಬೆಳೆಯುವುದು ಗುಡ್ಡದ ನೆತ್ತಿಯಲ್ಲಿ. ಮನೆ, ಬಾವಿ, ಸುರಂಗ, ತೋಡುಗಳಿರುವುದು ಕೆಳಗಿನ ಕಣಿವೆಯಲ್ಲಿ. ಮೇಲೆ ಬಿದ್ದುದೆಲ್ಲ ಗಾಳಿಯೊಡನೆಯೋ ಮಳೆಯೊಡನೆಯೋ ಕೆಳಗಿಳಿಯಲೇಬೇಕು.

ಪಡ್ರೆಯವರೇ ಆದ ಕೃಷಿ ಪತ್ರಕರ್ತ ಶ್ರೀಪಡ್ರೆಯವರು ಈ ವಿಚಾರವನ್ನು ಬಹಳ ಹಿಂದೆಯೇ ಲೋಕದ ಗಮನಕ್ಕೆ ತಂದರು. ಅಲ್ಲಿ ವೈದ್ಯವೃತ್ತಿಯಲ್ಲಿದ್ದ ಡಾಕ್ಟರ್ ವೈ. ಎಸ್. ಮೋಹನಕುಮಾರರು, ಇಷ್ಟು ಸಣ್ಣ ಊರಿನಲ್ಲಿ ಬುದ್ಧಿಮಾಂದ್ಯ, ಅಂಗವೈಕಲ್ಯ, ಅಪಸ್ಮಾರ, ಅರ್ಬುದ ರೋಗಗಳು ಇಷ್ಟೊಂದು ಕಾಣಬರುವುದೇಕೆ ಎಂದು ಕೇಳಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಅಲ್ಲಿನ ಬಾಲಕರನ್ನು ಪರೀಕ್ಷಿಸಿ, ಸಿಂಪಡಣೆಗೆ ಒಳಗಾಗದ ಊರಿನ ಬಾಲಕರಿಗೆ ಹೋಲಿಸಿದರೆ ಇವರಲ್ಲಿ ಪ್ರಾಯಕ್ಕೆ ಬರುವ ಲಕ್ಷಣಗಳು ತಡವಾಗುತ್ತಿವೆಯೆಂದು ೨೦೦೩ರಲ್ಲಿ ಪ್ರಕಟಿಸಿದರು. ಬೇರೆ ಕೆಲವು ಸಮಿತಿಗಳು ರೋಗಗಳಿಗೂ ಈ ವಿಷಕ್ಕೂ ಸಂಬಂಧ ಸಿದ್ಧವಾಗಿಲ್ಲವೆಂದೂ ಹೇಳಿದುದುಂಟು. ಕೊನೆಗೆ ೨೦೧೧ರ ಏಪ್ರಿಲಿನಲ್ಲಿ ಸ್ಟಾಕ್‌ಹೋಂ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ತ್ಯಾಜ್ಯ ವಸ್ತುಗಳ ಪಟ್ಟಿಗೆ ಸೇರಿಸಿದವು. ಅದೇ ವರ್ಷದ ಮೇ ೧೩ರಂದು ನಮ್ಮ ಸರ್ವೋಚ್ಚ ನ್ಯಾಯಾಲಯವು ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ದೇಶದಲ್ಲೆಲ್ಲ ತಡೆಯಿತು. ೨೦೧೭ರ ಜನವರಿಯಲ್ಲಿ, ಸಂತ್ರಸ್ತರಿಗೆ ತಲಾ ೫ ಲಕ್ಷ ರೂಪಾಯಿಗಳನ್ನು ಕೊಡಬೇಕೆಂದು ಕೇರಳ ಸರಕಾರಕ್ಕೆ ಅದೇ ನ್ಯಾಯಾಲಯವು ಆಜ್ಞೆ ಮಾಡಿತು.

ಇಷ್ಟೂ ಹಲವರಿಗೆ ತಿಳಿದ ಸಂಗತಿಯೇ. ಆದರೆ ಅಷ್ಟಾಗಿ ನೆನಪಿನಲ್ಲಿರದ ಒಂದು ಅಂಶವುಂಟು. ಎಂಡೋಸಲ್ಫಾನ್ ಒಂದು ಕಾಲದಲ್ಲಿ ಸೌಮ್ಯವಾದ ಕೀಟನಾಶಕವೆಂದು ಹೆಸರು ಪಡೆದಿತ್ತು! ಜೇನುನೊಣಗಳಿಗೂ, ಹಾನಿಕಾರಕ ಹುಳುಗಳನ್ನು ತಿಂದು ಬದುಕುವ ಮಿತ್ರಕೀಟಗಳಿಗೂ ಅದು ಉಳಿದ ವಿಷಗಳಷ್ಟು ಮಾರಕವಲ್ಲವೆಂಬುದೇ ಅದರ ಪರವಾಗಿ ಹೇಳುತ್ತಿದ್ದ ಮಾತು. ಆ ಮಾತು ಪೂರ್ತಿ ಸುಳ್ಳಾಗಿರಲಿಲ್ಲ. ಹೂವಿನ ಕಾಲದಲ್ಲಿಯೇ ಸಿಂಪಡಿಸಬೇಕಾದ ಗೇರಿಗೆ, ನೊಣಗಳ ಓಡಾಟದಿಂದಲೇ ಕಾಯಿಕಚ್ಚುವ ಗೇರಿಗೆ, ಅದು ಯೋಗ್ಯವೆಂದು ತೋರಿದುದರಲ್ಲಿ ಆಶ್ಚರ್ಯವಿಲ್ಲ. ಆದುದರಿಂದ ಮುಂದೆ ಯಾರಾದರೂ ‘ಇದು ಸುರಕ್ಷಿತ ಮದ್ದು’ ಎಂದು ಹೇಳಿದಾಗ ನಾವು ಕೇಳಬೇಕಾದ ಮೊದಲ ಪ್ರಶ್ನೆ ಯಾವುದೆಂಬುದನ್ನು ಪಡ್ರೆ, ಕೊಕ್ಕಡಗಳು ನಮಗೆ ಕಲಿಸಿವೆ: ಸುರಕ್ಷಿತವೆಂದರೆ ಯಾರಿಗೆ?

ಈ ಪ್ರಶ್ನೆಗೆ ಉತ್ತರ ಹುಡುಕಲು ವಿಷವು ಕೆಲಸ ಮಾಡುವ ಬಗೆಯನ್ನು ಸ್ವಲ್ಪ ತಿಳಿಯಬೇಕು. ಎಂಡೋಸಲ್ಫಾನ್ ಕೀಟದ ನರಮಂಡಲದಲ್ಲಿ ಉದ್ರೇಕವನ್ನು ತಣಿಸುವ ಒಂದು ವ್ಯವಸ್ಥೆಯನ್ನು ಕೆಡಿಸುತ್ತದೆ. ಕುದುರೆಯ ಕಡಿವಾಣ ಹರಿದಂತಾಗಿ ನರಗಳು ಹದ್ದುಮೀರಿ ಓಡುತ್ತವೆ; ಕೀಟ ಸೆಟೆದು ಸಾಯುತ್ತದೆ. ತೊಂದರೆ ಏನೆಂದರೆ, ಅಂಥದೇ ವ್ಯವಸ್ಥೆ ಮನುಷ್ಯನ ಮಿದುಳಿನಲ್ಲಿಯೂ ಇದೆ. ಪ್ಯಾರಾಥಿಯಾನ್, ಮೊನೊಕ್ರೊಟೊಫಾಸ್ ಮುಂತಾದ ರಂಜಕಜನ್ಯ ವಿಷಗಳ ಕತೆಯೂ ಇದೇ. ನರದಿಂದ ಸ್ನಾಯುವಿಗೆ ಸುದ್ದಿಯನ್ನು ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ವಸ್ತುವನ್ನು, ಸುದ್ದಿ ಮುಟ್ಟಿದೊಡನೆಯೇ ಒಡೆದುಹಾಕುವ ಕಿಣ್ವವೊಂದಿದೆ. ಅದರ ಹೆಸರು ಅಸಿಟೈಲ್‌ಕೋಲಿನೆಸ್ಟರೇಸ್. ಈ ವಿಷಗಳು ಆ ಕಿಣ್ವದ ಕೈಕಟ್ಟುತ್ತವೆ. ಕೀಟದಲ್ಲಿಯೂ ಅದೇ ಕಿಣ್ವ, ನಮ್ಮಲ್ಲಿಯೂ ಅದೇ ಕಿಣ್ವ. ೧೯೩೦ರ ದಶಕದಲ್ಲಿ ಜರ್ಮನಿಯಲ್ಲಿ ಕೀಟನಾಶಕವನ್ನು ಹುಡುಕಹೊರಟ ಗೆರ್‌ಹಾರ್ಡ್ ಶ್ರಾಡರನಿಗೆ ಟಾಬುನ್, ಸಾರಿನ್ ಎಂಬ ಯುದ್ಧವಿಷಗಳು ದೊರೆತುದು ಆಕಸ್ಮಿಕವೇನೂ ಅಲ್ಲ. ಒಂದೇ ಬೀಗವಿರುವ ಎರಡು ಮನೆಗಳಿಗೆ ಒಂದೇ ಕಳ್ಳಕೀಲಿ ಸಾಕಾಗುವುದಷ್ಟೆ.

ನಮ್ಮ ನಾಡು ಇದರ ಬೆಲೆಯನ್ನು ಮತ್ತೆ ಮತ್ತೆ ತೆತ್ತಿದೆ. ೧೯೫೮ರಲ್ಲಿ ಕೇರಳಕ್ಕೆ ಹಡಗಿನಲ್ಲಿ ಬಂದ ಗೋಧಿಹಿಟ್ಟಿಗೆ ಜೊತೆಯಲ್ಲಿದ್ದ ಪ್ಯಾರಾಥಿಯಾನ್ ಸೋರಿ ಬೆರೆತು, ಅದನ್ನು ಉಂಡವರಲ್ಲಿ ೧೦೦ಕ್ಕೂ ಹೆಚ್ಚು ಜನ ಸತ್ತರು. ೧೯೬೮ರ ಕೀಟನಾಶಕ ಕಾಯಿದೆ ಹುಟ್ಟಿದುದು ಆ ದುರಂತದ ಹಿನ್ನೆಲೆಯಲ್ಲಿ. ಕಾಯಿದೆ ಬಂದು ಅರ್ಧ ಶತಮಾನವಾದ ಮೇಲೆ, ೨೦೧೮ರ ಡಿಸೆಂಬರಿನಲ್ಲಿ, ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ದೇವಸ್ಥಾನದ ಪ್ರಸಾದಕ್ಕೆ ಕೀಟನಾಶಕವನ್ನು ಬೆರೆಸಿದುದರಿಂದ ೧೭ ಜನ ತೀರಿಕೊಂಡರು. ಹಿಂದಿನದು ಅಜಾಗ್ರತೆ, ಇದು ದುಷ್ಟತನ. ಆದರೆ ಎರಡಕ್ಕೂ ಅವಕಾಶ ಕೊಟ್ಟದ್ದು, ಮನುಷ್ಯನನ್ನು ಕೊಲ್ಲಬಲ್ಲ ವಸ್ತುವು ಹುಳುವಿನ ಹೆಸರಿನಲ್ಲಿ ಸಲೀಸಾಗಿ ಕೈಗೆ ಸಿಗುತ್ತಿದ್ದುದೇ. ಸಾಲದ ಭಾರದಲ್ಲಿಯೋ ಮನೆಯ ಜಗಳದಲ್ಲಿಯೋ ಒಂದು ಗಳಿಗೆ ಮನಸ್ಸು ಮುರಿದವನ ಕೈಗೆ ಮೊದಲು ಸಿಗುವುದೂ ಕೊಟ್ಟಿಗೆಯ ಮೂಲೆಯಲ್ಲಿಟ್ಟ ಆ ಡಬ್ಬಿಯೇ. ಶ್ರೀಲಂಕಾದಲ್ಲಿ ಅತಿ ಘೋರವಾದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತ ಬಂದಂತೆ, ಎರಡು ದಶಕಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇಕಡಾ ೭೦ರಷ್ಟು ಇಳಿಯಿತು. ದುಃಖ ಅಲ್ಲಿ ಕಡಿಮೆಯಾಗಿರಲಾರದು. ಆ ಗಳಿಗೆಯನ್ನು ದಾಟಿ ಬದುಕಿ ಉಳಿದವರ ಸಂಖ್ಯೆ ಹೆಚ್ಚಿತು. ಸುರಕ್ಷಿತ ಕೀಟನಾಶಕದ ಮಾತು ಹೊಲಕ್ಕೆ ಮಾತ್ರ ಸಂಬಂಧಿಸಿದ್ದಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹಾಗಾದರೆ ಹುಳುವಿನ ಮನೆಯ ಬೀಗಕ್ಕೆ ಮಾತ್ರ ಹೊಂದುವ ಕೀಲಿಯನ್ನು ಮಾಡಲಾಗದೆ? ಆಗುತ್ತದೆಂಬುದು ವಿಜ್ಞಾನದ ಉತ್ತರ. ಕಿಣ್ವಗಳೆಂದರೆ ಜೀವಿಯ ಮೈಯೊಳಗಣ ಕಸುಬುದಾರರು. ಒಂದೊಂದು ಕಿಣ್ವಕ್ಕೂ ಒಂದೊಂದೇ ಕಸುಬು. ಅವುಗಳಲ್ಲಿ ಹಲವು ಕೀಟಕ್ಕೂ ಮನುಷ್ಯನಿಗೂ ಸಮಾನ. ಮತ್ತೆ ಕೆಲವು ಕೀಟಗಳಲ್ಲಿ ಮಾತ್ರ ಇರುವಂಥವು, ಇಲ್ಲವೇ ಕೀಟಗಳಲ್ಲಿ ಬೇರೆ ರೂಪದಲ್ಲಿರುವಂಥವು. ಈ ಎರಡನೆಯ ಬಗೆಯವನ್ನು ಹುಡುಕಿ, ಅವುಗಳ ಕೈಯನ್ನಷ್ಟೇ ಕಟ್ಟಿದರೆ ಹುಳು ಸಾಯುತ್ತದೆ, ಮದ್ದು ಹೊಡೆಯುವ ಕೂಲಿಯಾಳು ಬದುಕುತ್ತಾನೆ.

ಇದು ಬರಿಯ ಕನಸಲ್ಲ. ಕೀಟದ ಚರ್ಮ ಕೈಟಿನ್ ಎಂಬ ವಸ್ತುವಿನಿಂದ ಆದದ್ದು. ಬೆಳೆಯುವಾಗಲೆಲ್ಲ ಹುಳು ಹಳೆಯ ಚರ್ಮವನ್ನು ಕಳಚಿ ಹೊಸದನ್ನು ಹೊಲಿದುಕೊಳ್ಳಬೇಕು. ಮನುಷ್ಯನಾಗಲಿ ದನವಾಗಲಿ ಕೈಟಿನ್ನನ್ನು ತಯಾರಿಸುವುದಿಲ್ಲ. ೧೯೭೦ರ ದಶಕದಲ್ಲಿ ಹಾಲೆಂಡಿನಿಂದ ಬಂದ ಡೈಫ್ಲುಬೆಂಜುರಾನ್ ಎಂಬ ಮದ್ದು ಈ ಕೈಟಿನ್ನಿನ ತಯಾರಿಕೆಯನ್ನು ತಡೆಯುತ್ತದೆ. ಹುಳು ಪೊರೆ ಬಿಡಲಾರದೆ ಸಾಯುತ್ತದೆ. ಇನ್ನೊಂದು ಉದಾಹರಣೆ ಮಲಾಥಿಯಾನ್. ಇದು ಪ್ಯಾರಾಥಿಯಾನಿನ ಬಳಗದ್ದೇ ಆದರೂ ನಮ್ಮ ಯಕೃತ್ತಿನಲ್ಲಿರುವ ಒಂದು ಕಿಣ್ವ ಇದನ್ನು ಬೇಗನೆ ಒಡೆದುಹಾಕುತ್ತದೆ. ಕೀಟದಲ್ಲಿ ಆ ಕಿಣ್ವದ ಬಲ ಸಾಲದು. ಅಲ್ಲಿ ಮಲಾಥಿಯಾನ್ ಇನ್ನಷ್ಟು ಉಗ್ರವಾದ ವಿಷವಾಗಿ ಮಾರ್ಪಡುತ್ತದೆ. ಹುಳುವಿನ ದೌರ್ಬಲ್ಯವನ್ನೂ ನಮ್ಮ ಬಲವನ್ನೂ ಒಟ್ಟಿಗೆ ಬಳಸಿಕೊಂಡ ಜಾಣ್ಮೆಯಿದು.

ಮಂಗಳೂರಿನವರಾದ ನಮಗೆ ಹತ್ತಿರದ ಉದಾಹರಣೆಯೊಂದನ್ನು ಹೇಳಬೇಕು. ೧೯೯೦ರ ದಶಕದಿಂದ ಬಹುಕಾಲ ನಮ್ಮ ಪಟ್ಟಣ ಮಲೇರಿಯಾದ ಊರೆಂದೇ ಹೆಸರಾಗಿತ್ತು. ಕಟ್ಟುತ್ತಿರುವ ಮಾಳಿಗೆಗಳಲ್ಲಿ, ತೆರೆದ ತೊಟ್ಟಿಗಳಲ್ಲಿ ನಿಂತ ನೀರು ಅನಾಫಿಲಿಸ್ ಸೊಳ್ಳೆಯ ತೊಟ್ಟಿಲಾಯಿತು. ಇತ್ತೀಚಿನ ವರ್ಷಗಳಲ್ಲಿ ರೋಗ ಬಹಳ ಇಳಿದಿರುವುದು ಸಂತೋಷದ ಸಂಗತಿ. ಸೊಳ್ಳೆಯ ಮರಿಗಳನ್ನು ಕೊಲ್ಲಲು ನಮ್ಮ ದೇಶದಲ್ಲಿ ಟೆಮಿಫಾಸ್ ಎಂಬ ರಂಜಕಜನ್ಯ ಮದ್ದಿನ ಜೊತೆಗೆ ‘ಬಿಟಿಐ’ ಎಂಬ ಸೂಕ್ಷ್ಮಜೀವಿಯನ್ನೂ ಬಳಸುತ್ತಾರೆ. ೧೯೭೬ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ನೀರ್ಗುಂಡಿಯೊಂದರಲ್ಲಿ ಸಿಕ್ಕಿದ ಈ ಜೀವಿ ಒಂದು ಬಗೆಯ ಸಸಾರಜನಕದ ಹರಳುಗಳನ್ನು ಮಾಡುತ್ತದೆ. ಹರಳು ತನ್ನಷ್ಟಕ್ಕೆ ವಿಷವಲ್ಲ. ಸೊಳ್ಳೆಯ ಮರಿ ಅದನ್ನು ನುಂಗಿದಾಗ, ಆ ಮರಿಯ ಕ್ಷಾರಗುಣದ ಕರುಳಿನಲ್ಲಿ ಹರಳು ಕರಗುತ್ತದೆ. ಅಲ್ಲಿನ ಕಿಣ್ವಗಳೇ ಅದನ್ನು ಕತ್ತರಿಸಿ ವಿಷವನ್ನಾಗಿ ಮಾಡುತ್ತವೆ. ನಮ್ಮ ಹೊಟ್ಟೆಯಲ್ಲಿರುವುದು ಹುಳಿ. ಅಲ್ಲಿ ಅದು ಬೇರೆ ಆಹಾರದಂತೆ ಜೀರ್ಣವಾಗಿಹೋಗುತ್ತದೆ. ತನ್ನ ಕೊರಳಿಗೆ ಬೇಕಾದ ಹಗ್ಗವನ್ನು ಸೊಳ್ಳೆಯ ಮರಿ ತಾನೇ ಹೊಸೆದುಕೊಳ್ಳುವ ಏರ್ಪಾಡಿದು.

ಈಚಿನ ದಾರಿ ಇನ್ನೂ ಸೂಕ್ಷ್ಮವಾದುದು. ಮೇಲೆ ಹೇಳಿದ ಅಸಿಟೈಲ್‌ಕೋಲಿನೆಸ್ಟರೇಸ್ ಕೀಟಕ್ಕೂ ನಮಗೂ ಸಮಾನವೆಂದೆವಷ್ಟೆ. ಅಮೆರಿಕದ ಮೇಯೊ ಚಿಕಿತ್ಸಾಲಯದ ಯುವಾನ್-ಪಿಂಗ್ ಪಾಂಗ್ ಎಂಬ ವಿಜ್ಞಾನಿ ೨೦೦೬ರಲ್ಲಿ ತೋರಿಸಿಕೊಟ್ಟುದೇನೆಂದರೆ, ಮಲೇರಿಯಾ ಸೊಳ್ಳೆಯ ಮತ್ತು ಸಸ್ಯಹೇನಿನ ಆ ಕಿಣ್ವದ ಬಾಯಲ್ಲಿ ಸಿಸ್ಟೀನ್ ಎಂಬ ಅಮೈನೋ ಆಮ್ಲದ ಒಂದು ಕೊಂಡಿ ಇದೆ. ಸಸ್ತನಿಗಳ ಕಿಣ್ವದಲ್ಲಿ ಆ ಜಾಗದಲ್ಲಿ ಅದಿಲ್ಲ. ಆ ಕೊಂಡಿಗೆ ಮಾತ್ರ ಸಿಕ್ಕಿಕೊಳ್ಳುವ ಮದ್ದನ್ನು ಕಟ್ಟಬಹುದೆಂಬುದು ಅವರ ವಾದ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ೨೦೨೩ರ ಡಿಸೆಂಬರಿನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಲೆಡ್‌ಪ್ರೋನಾ ಎಂಬ ಮದ್ದನ್ನು ನೋಂದಾಯಿಸಿತು. ಅದು ಆರ್‌ಎನ್‌ಎ ಎಳೆ. ಆಲೂಗೆಡ್ಡೆಯ ಎಲೆ ತಿನ್ನುವ ಒಂದು ದುಂಬಿಯಲ್ಲಿ, ಸವೆದ ಸಸಾರಜನಕಗಳನ್ನು ಒಡೆಯುವ ಕಿಣ್ವವ್ಯೂಹದ ಒಂದು ಭಾಗ ತಯಾರಾಗದಂತೆ ಮಾಡುತ್ತದೆ. ಆ ಕಿಣ್ವವ್ಯೂಹ ಎಲ್ಲ ಪ್ರಾಣಿಗಳಲ್ಲಿಯೂ ಇದ್ದರೂ, ಎಳೆಯ ಅಕ್ಷರಗಳು ಆ ದುಂಬಿಯ ಅಕ್ಷರಗಳಿಗೆ ಮಾತ್ರ ಹೊಂದುವಂತೆ ಬರೆಯಲ್ಪಟ್ಟಿವೆ. ಓಲೆ ಯಾರ ವಿಳಾಸಕ್ಕೆ ಬರೆದುದೋ ಅವರಿಗೇ ಮುಟ್ಟುವಂತೆ.

ಹೀಗೆಂದಮಾತ್ರಕ್ಕೆ ಸಮಸ್ಯೆ ಬಗೆಹರಿಯಿತೆಂದು ಸಂಭ್ರಮಿಸುವಂತಿಲ್ಲ. ಕೀಟಕ್ಕೆ ಮಾತ್ರ ಎಂದು ಹೇಳುವಾಗ ಕೀಟವೆಂದರೆ ಯಾರೆಂಬುದನ್ನೂ ಕೇಳಬೇಕು. ಕೈಟಿನ್ ತಯಾರಿಸುವುದು ಹುಳು ಮಾತ್ರವಲ್ಲ. ಸಿಗಡಿ, ಏಡಿಗಳ ಚಿಪ್ಪೂ ಅದೇ. ಡೈಫ್ಲುಬೆಂಜುರಾನಿನಂಥ ಮದ್ದು ನೀರಿನ ಇಂಥ ಜೀವಿಗಳಿಗೆ ಘಾತುಕವೆಂದು ಸಿದ್ಧವಾಗಿದೆ. ಘಟ್ಟದ ಬುಡದಲ್ಲಿ ಹೊಡೆದ ಮದ್ದು ನೇತ್ರಾವತಿ, ಫಲ್ಗುಣಿಗಳ ಜೊತೆ ಇಳಿದು ಬರುವುದು ಬೆಂಗರೆಯ ಅಳಿವೆಗೆ. ಗುಡ್ಡದ ಕೃಷಿಕನಿಗೆ ಸುರಕ್ಷಿತವಾದುದು ಅಳಿವೆಯ ಬೆಸ್ತನ ಅನ್ನಕ್ಕೆ ಕಲ್ಲು ಹಾಕಬಹುದು. ಇನ್ನೊಂದು, ಜೇನು ಹಾಗೂ ರೇಷ್ಮೆಹುಳುಗಳೂ ಕೀಟಗಳೇ. ನಿಯೋನಿಕೋಟಿನಾಯ್ಡ್ ಎಂಬ ವರ್ಗದ ಮದ್ದುಗಳು ಮನುಷ್ಯನ ನರಕ್ಕಿಂತ ಕೀಟದ ನರಕ್ಕೆ ಬಹಳ ಬಿಗಿಯಾಗಿ ಅಂಟಿಕೊಳ್ಳುತ್ತವೆಂದು ಎಲ್ಲೆಡೆ ಹಬ್ಬಿದವು. ಆದರೆ ಜೇನುನೊಣಗಳಿಗೆ ಅವುಗಳಿಂದಾದ ಹಾನಿಯನ್ನು ಕಂಡು ಯುರೋಪಿನ ಒಕ್ಕೂಟವು ೨೦೧೮ರಲ್ಲಿ ಅವುಗಳಲ್ಲಿ ಮೂರನ್ನು ಬಯಲಿನಲ್ಲಿ ಬಳಸದಂತೆ ನಿಷೇಧಿಸಿತು. ತುಡುವೆಯ ಪೆಟ್ಟಿಗೆಯನ್ನಿಟ್ಟು ಬದುಕುವ ಕೃಷಿಕರು ನಮ್ಮ ಪುತ್ತೂರು, ಸುಳ್ಯಗಳಲ್ಲಿ ಕಡಿಮೆಯಿಲ್ಲ. ರೇಷ್ಮೆಯ ಕರ್ನಾಟಕಕ್ಕೆ ಈ ಎಚ್ಚರ ಇನ್ನಷ್ಟು ಬೇಕು.

ಮೂರನೆಯದು, ಕಾಗದದ ಮೇಲಿನ ಶುದ್ಧಿ ಡಬ್ಬಿಯೊಳಗೂ ಇರಬೇಕು. ಮಲಾಥಿಯಾನನ್ನು ಹೊಗಳಿದೆವು. ಅದೇ ಮಲಾಥಿಯಾನನ್ನು ೧೯೭೬ರಲ್ಲಿ ಪಾಕಿಸ್ತಾನದ ಮಲೇರಿಯಾ ಕಾರ್ಯಕ್ರಮದಲ್ಲಿ ಸಿಂಪಡಿಸಿದ ಸುಮಾರು ೭,೫೦೦ ಕೆಲಸಗಾರರಲ್ಲಿ ೨,೮೦೦ರಷ್ಟು ಜನ ಅಸ್ವಸ್ಥರಾಗಿ, ಐವರು ಸತ್ತರು. ತಯಾರಿಕೆ ಮತ್ತು ದಾಸ್ತಾನಿನ ದೋಷದಿಂದ ಅದರಲ್ಲಿ ಐಸೋಮಲಾಥಿಯಾನ್ ಎಂಬ ಕಲ್ಮಷ ಬೆಳೆದಿತ್ತು. ನಮ್ಮನ್ನು ಕಾಯುವ ಯಕೃತ್ತಿನ ಕಿಣ್ವವನ್ನೇ ಅದು ಕಟ್ಟಿಹಾಕಿತು. ಕಾವಲುಗಾರನನ್ನು ಕಟ್ಟಿಹಾಕಿದ ಮೇಲೆ ಸೌಮ್ಯವಾದ ವಿಷವೂ ಉಗ್ರವಾಗುವುದು. ನಾಲ್ಕನೆಯದು, ಹುಳುಗಳು ಕಲಿಯುತ್ತವೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಕ್ಯಾರಲ್ ವಿಲಿಯಮ್ಸ್, ಪ್ರಾಗಿನಿಂದ ಬಂದ ಕಾರೆಲ್ ಸ್ಲಾಮಾ ಇವರು ೧೯೬೫ರಲ್ಲಿ ಒಂದು ಸೋಜಿಗವನ್ನು ಕಂಡರು. ಸ್ಲಾಮಾ ತನ್ನೂರಿನಿಂದ ತಂದ ತಿಗಣೆಗಳು ಅಮೆರಿಕದಲ್ಲಿ ಪ್ರಾಯಕ್ಕೆ ಬಾರದೆ ಮರಿಗಳಾಗಿಯೇ ಉಳಿದವು. ಹುಡುಕಿದಾಗ ಕಾರಣ ತಿಳಿದುದು ಪಾತ್ರೆಯೊಳಗೆ ಹಾಸಿದ ಕಾಗದದಲ್ಲಿ! ಅದನ್ನು ಮಾಡಿದ ಅಮೆರಿಕದ ಮರದಲ್ಲಿ ಕೀಟದ ಬಾಲ್ಯವನ್ನು ಕಾಯುವ ಹಾರ್ಮೋನಿನಂಥ ವಸ್ತುವಿತ್ತು. ತನ್ನ ಮೈಯ ಹಾರ್ಮೋನಿಗೇ ಕೀಟ ಪ್ರತಿರೋಧ ಬೆಳೆಸಿಕೊಳ್ಳಲಾರದೆಂದು ವಿಲಿಯಮ್ಸ್ ಆಶಿಸಿದರು. ಆ ದಾರಿಯಲ್ಲಿ ಬಂದ ಮೀಥೊಪ್ರೀನ್ ಇಂದಿಗೂ ಉಪಯುಕ್ತವಾದರೂ, ಅದನ್ನು ತಾಳಿಕೊಳ್ಳುವ ಸೊಳ್ಳೆಗಳೂ ಹುಟ್ಟಿಕೊಂಡಿವೆ. ಯಾವ ಕೀಲಿಯೂ ಶಾಶ್ವತವಲ್ಲ.

ಈ ಎಚ್ಚರಿಕೆಗಳನ್ನು ಕೇಳಿ, ರಾಸಾಯನಿಕದ ಸಹವಾಸವೇ ಬೇಡವೆನ್ನುವ ಸಜ್ಜನರು ನಮ್ಮಲ್ಲಿದ್ದಾರೆ. ಅವರ ಮಾತಿನಲ್ಲಿ ಗೌರವಿಸಬೇಕಾದುದು ಬಹಳವಿದೆ; ಕೆಂಜಿರುವೆಗೂಡಿರುವ ಗೇರುಮರಕ್ಕೆ ಟೀ ಸೊಳ್ಳೆಯ ಕಾಟ ಕಡಿಮೆಯೆಂಬುದು ಹಳ್ಳಿಗರೇ ಬಲ್ಲ ವಿಷಯ. ಆದರೆ ಕಣ್ಣೆದುರಿನಲ್ಲಿ ಗೊಂಚಲು ಒಣಗುತ್ತಿರುವ ಬಡ ಕೃಷಿಕನಿಗೆ ಉಪದೇಶ ಸಾಲದು. ಅವನು ಪೇಟೆಗೆ ಹೋಗಿ ಅಂಗಡಿಯವನು ಕೊಟ್ಟುದನ್ನು ತರುತ್ತಾನೆ. ಒಳ್ಳೆಯ ಮದ್ದು ಸಿಗದ ಕಡೆ ಕೆಟ್ಟ ಮದ್ದು ಹೋಗಿಯೇ ಹೋಗುತ್ತದೆ. ಇನ್ನು ಕೆಲವರು ಹೇಳುವುದು ಬೆಲೆಯ ಮಾತನ್ನು: ಹೊಸ ಮದ್ದು ದುಬಾರಿ, ಹಳೆಯದು ಅಗ್ಗ. ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಇಲ್ಲಿ ಒಂದು ಲೆಕ್ಕವನ್ನು ಮಾಡಬೇಕು. ಎಂಡೋಸಲ್ಫಾನ್ ಅಗ್ಗವಾಗಿದ್ದುದು ನಿಗಮಗಳ ಪುಸ್ತಕದಲ್ಲಿ. ಸರ್ವೋಚ್ಚ ನ್ಯಾಯಾಲಯ ವಿಧಿಸಿದ ಪರಿಹಾರ, ಸರಕಾರಗಳು ಕೊಡುವ ಮಾಸಾಶನ, ಕೊಕ್ಕಡದಂಥ ಊರುಗಳ ಪಾಲನಾಕೇಂದ್ರಗಳ ಖರ್ಚು, ಮಗುವನ್ನು ಬಿಟ್ಟು ಕೂಲಿಗೆ ಹೋಗಲಾರದ ತಾಯಿ ಕಳೆದುಕೊಂಡ ವರ್ಷಗಳು, ಇವೆಲ್ಲ ಆ ಪುಸ್ತಕದಲ್ಲಿ ಬರೆಯಲ್ಪಡಲಿಲ್ಲ. ಬರೆದಿದ್ದರೆ ಅದಕ್ಕಿಂತ ದುಬಾರಿಯಾದ ಮದ್ದು ನಮ್ಮ ಜಿಲ್ಲೆಗೆ ಬಂದೇ ಇರಲಿಲ್ಲವೆಂದು ಕಾಣುತ್ತಿತ್ತು.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಈ ಸಂಶೋಧನೆ ಸಾರ್ವಜನಿಕ ಹಣದಿಂದ, ಸಾರ್ವಜನಿಕ ಸಂಸ್ಥೆಗಳಲ್ಲಿ ನಡೆಯಬೇಕು. ದೊಡ್ಡ ಕಂಪೆನಿಗಳು ಹತ್ತಿ, ಭತ್ತ, ಮೆಕ್ಕೆಜೋಳಗಳ ಹುಳುಗಳನ್ನು ಕುರಿತು ಯೋಚಿಸುತ್ತವೆಯೇ ಹೊರತು, ಕರಾವಳಿಯ ಗೇರಿನ ಟೀ ಸೊಳ್ಳೆಗಾಗಿ ಹಣ ಸುರಿಯುವುದು ಅವುಗಳಿಗೆ ಲಾಭದ ಮಾತಲ್ಲ. ಗೇರಿನ ಸಂಶೋಧನೆಗೆ ಪುತ್ತೂರಿನಲ್ಲಿ, ತೋಟದ ಬೆಳೆಗಳಿಗೆ ಕಾಸರಗೋಡಿನಲ್ಲಿ, ಕೀಟಗಳ ಅಧ್ಯಯನಕ್ಕೆ ಬೆಂಗಳೂರಿನಲ್ಲಿ ಕೇಂದ್ರ ಸರಕಾರದ ಸಂಸ್ಥೆಗಳಿವೆ. ಇವು ಕೈಜೋಡಿಸಿ, ನಮ್ಮ ಬೆಳೆಗಳ ಹುಳುಗಳಲ್ಲಿರುವ ಕಿಣ್ವಗಳಲ್ಲಿ ಯಾವುದು ಜೇನಿನಲ್ಲಿ, ಸಿಗಡಿಯಲ್ಲಿ, ನಮ್ಮಲ್ಲಿ ಇಲ್ಲದ್ದು ಎಂಬುದನ್ನು ಹುಡುಕುವುದು ಅಸಾಧ್ಯವಾದ ಕೆಲಸವಲ್ಲ. ಎರಡನೆಯದಾಗಿ, ಮದ್ದಿನ ಪರೀಕ್ಷೆ ಅದನ್ನು ಬಳಸುವ ನೆಲಕ್ಕೆ ಹೊಂದುವಂತಿರಬೇಕು. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸುರು ಬಣ್ಣಗಳ ಗುರುತು ಮುಖ್ಯವಾಗಿ ತಿಳಿಸುವುದು, ಒಮ್ಮೆಗೇ ಎಷ್ಟು ಉಣಿಸಿದರೆ ಪ್ರಯೋಗದ ಪ್ರಾಣಿ ಸಾಯುತ್ತದೆಂಬುದನ್ನು. ಇಪ್ಪತ್ತು ವರ್ಷ ಹನಿಹನಿಯಾಗಿ ಕುಡಿದ ನೀರಿನ ಫಲವನ್ನು ಆ ಬಣ್ಣ ಹೇಳಲಾರದು. ಮೂರು ಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಗುಡ್ಡವೂ ಬಾವಿಯೂ ಒಂದರ ಕೆಳಗೊಂದಿರುವ ನಮ್ಮ ನಾಡಿಗೆ ಬೇರೆ ಪರೀಕ್ಷೆ ಬೇಕು.

ಮೂರನೆಯದಾಗಿ, ಹೊಡೆಯುವ ರೀತಿ. ಈಗ ಡ್ರೋನುಗಳು ಬಂದಿವೆ. ಅಡಿಕೆಮರವೇರುವ ಆಳುಗಳು ಸಿಗದ ಈ ಕಾಲದಲ್ಲಿ ಅವುಗಳ ಉಪಯೋಗವನ್ನು ಅಲ್ಲಗಳೆಯುವಂತಿಲ್ಲ. ಆದರೆ ಹೆಲಿಕಾಪ್ಟರಿನ ಪಾಠವನ್ನು ಮರೆತು, ಅದೇ ತಪ್ಪನ್ನು ಸಣ್ಣ ರೆಕ್ಕೆಗಳಿಂದ ಮತ್ತೆ ಮಾಡಬಾರದು. ಯಾವ ಮದ್ದನ್ನು ಮೇಲಿನಿಂದ ಬಿಡಬಹುದು, ಮನೆಬಾವಿಗಳಿಂದ ಎಷ್ಟು ದೂರ, ನೆರೆಯವನಿಗೆ ಎಷ್ಟು ದಿನ ಮುಂಚೆ ತಿಳಿಸಬೇಕು ಎಂಬುದನ್ನು ಆಯಾ ಗ್ರಾಮಸಭೆಯೆದುರು ಇಡಬೇಕು. ಡಬ್ಬಿಯ ಮೇಲಿನ ಎಚ್ಚರಿಕೆ ಕೂಲಿಯಾಳು ಓದಬಲ್ಲ ಗಾತ್ರದ ಕನ್ನಡ ಅಕ್ಷರಗಳಲ್ಲಿರಬೇಕು. ನಾಲ್ಕನೆಯದಾಗಿ ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಸಾಕ್ಷ್ಯದ ಭಾರ ಯಾರ ಮೇಲೆ ಎಂಬುದು ಸ್ಪಷ್ಟವಾಗಬೇಕು. ಪಡ್ರೆಯಲ್ಲಿ ರೋಗಿಗಳೇ ತಮ್ಮ ರೋಗಕ್ಕೆ ವಿಷ ಕಾರಣವೆಂದು ಸಾಧಿಸಬೇಕಾಗಿ ಬಂದಿತು. ಸಮಿತಿಯ ಮೇಲೆ ಸಮಿತಿ ಬರುತ್ತಿರುವಾಗ ಮಕ್ಕಳು ದೊಡ್ಡವರಾದರು. ಪ್ರತಿಯೊಂದು ರೋಗಕ್ಕೂ ಅದೇ ವಿಷ ಕಾರಣವೆಂದು ತೋರಿಸುವುದು ಯಾವ ವೈದ್ಯನಿಗೂ ಕಷ್ಟ. ನ್ಯಾಯವಾದ ಕ್ರಮವೆಂದರೆ, ಮದ್ದು ಮಾರುವವನೂ ಸುರಿಯುವವನೂ ಅದು ನಿರಪಾಯಕರವೆಂದು ಮೊದಲು ತೋರಿಸಬೇಕು. ಸಂಶಯ ಹುಟ್ಟಿದ ದಿನವೇ ಸಿಂಪಡಣೆ ನಿಲ್ಲಬೇಕು, ವಿಚಾರಣೆ ಆಮೇಲೆ ನಡೆಯಲಿ.

ಇವುಗಳಲ್ಲಿ ಕಿಣ್ವವನ್ನು ಹುಡುಕುವ ಕೆಲಸ ಪ್ರಯೋಗಾಲಯದ್ದು. ಉಳಿದುವೆಲ್ಲ ಕಾನೂನು ಬರೆಯುವವರ, ಆಡಳಿತ ನಡೆಸುವವರ, ಪತ್ರಿಕೆ ನಡೆಸುವವರ, ಪಂಚಾಯತಿಯಲ್ಲಿ ಎದ್ದುನಿಂತು ಪ್ರಶ್ನೆ ಕೇಳುವವರ ಕೆಲಸ. ಅಂಥವರು ತಯಾರಾಗುವುದು ನಮ್ಮಂಥ ಕಾಲೇಜುಗಳಲ್ಲಿಯೇ. ವಿಜ್ಞಾನವು ಹುಳುವನ್ನೂ ಮನುಷ್ಯನನ್ನೂ ಬೇರೆಬೇರೆಯಾಗಿ ಕಾಣಬಲ್ಲ ಮದ್ದನ್ನು ಕಟ್ಟಿಕೊಡಬಹುದು. ಆದರೆ ಗುಡ್ಡದ ಕೆಳಗೆ ಮನೆಯೊಂದಿದೆ, ಅಲ್ಲಿ ಬಾವಿಯನ್ನು ತೆರೆದಿಟ್ಟು ಜನ ನೀರು ಸೇದುತ್ತಿದ್ದಾರೆ ಎಂಬುದನ್ನು ಮದ್ದು ಕಾಣಲಾರದು. ಅದನ್ನು ಕಾಣಬೇಕಾದವರು ನಾವು.